ಗೂಬೆಯ ಮಂಚ

ರಾತ್ರಿಯಿಡೀ ಡಬ್ಬ ಬಡಿದು ಕಾಡುಹಂದಿ ಓಡಿಸಿ ಬಂದ ಗೂಬೆ, ಬೆಳಿಗ್ಗೆ ಮನೆಯೊಳಗೆ ಬಂದು ನೋಡಿದರೆ ಅವನ ಮಂಚದ ಮೇಲೆ ಬೇರೆ ಯಾರೋ ಗೊರಕೆ ಹೊಡೆಯುತ್ತಿದ್ದರು.

ಊರಿನ ಹೊಲ ಕಾಯುವುದು ಅವನ ಕೆಲಸ. ರಾತ್ರಿ ಎಚ್ಚರ, ಹಗಲು ನಿದ್ದೆ. ಹಾಗಾಗಿ ಊರೆಲ್ಲ ಅವನನ್ನು ಗೂಬೆ ಅಂತಲೇ ಕರೆಯುತ್ತಿತ್ತು, ಸಿಟ್ಟು ಬಂದಾಗ ಹೆಂಡತಿ ಕೂಡ.

"ಶ್... ಅತಿಥಿ ಮಲಗಿದಾರೆ," ಅಂದರು ಅತ್ತೆ.

ಅತ್ತೆ ಬರೀ ಅತ್ತೆಯಲ್ಲ, ಊರಿನ ಪ್ರವಾಸ ಸಮಿತಿಯ ಅಧ್ಯಕ್ಷೆ. ಊರ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಕರೆಯುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದ ಅಲ್ಲಿದ್ದ ಜನ ಈ ಊರಿನವರು. ಅರಣ್ಯ ಕಚೇರಿಗೆ ಅಲೆದಲೆದು, ಪ್ರವಾಸಿಗರನ್ನು ತಮ್ಮ ಮನೆಗಳಲ್ಲೇ ಇಳಿಸಿಕೊಳ್ಳಲು ಅನುಮತಿ ಪಡೆದಿದ್ದರು. ಬೆಳಗಿನ ಜೀಪಿನಲ್ಲಿ ಬಂದಿಳಿದ ಇವರೇ ಮೊದಲ ಅತಿಥಿ. ಇವರು ಮುಖ ಸಿಂಡರಿಸಿದರೆ ಅನುಮತಿಗೆ ಎಳ್ಳುನೀರು.

"ನನ್ನ ಮಂಚವೇ ಆಗ್ಬೇಕಿತ್ತಾ ಅತ್ತೆ?"

"ಊರಲ್ಲಿ ಕಿರುಗುಟ್ಟದ ಮಂಚ ಅದೊಂದೇ, ಅಳಿಯಂದ್ರೇ. ಸ್ವಲ್ಪ ಹೊಂದ್ಕೊಳ್ಳಿ."

ಗೂಬೆ ಚಾಪೆ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದ. ಕಣ್ಣು ಹತ್ತುವಷ್ಟರಲ್ಲಿ ಅತಿಥಿ ಎದ್ದು ಊರು ನೋಡಲು ಹೊರಟರು. ಕೊಟ್ಟಿಗೆ ಕಂಡದ್ದೇ ಹಿಗ್ಗಿ ಹೀರೇಕಾಯಿಯಾದರು.

"ಮಂಚ ನಮ್ಮನೇಲೂ ಇದೆ. ನಂಗೆ ನಿಮ್ಮ ಥರಾನೇ ಇರ್ಬೇಕು. ಇವರ ಚಾಪೆ ಸಿಗುತ್ತಾ?"

ಸಿಕ್ಕಿತು. ಸದ್ಯ ಮಂಚವಾದರೂ ಖಾಲಿಯಾಯಿತಲ್ಲ ಎಂದು ಗೂಬೆ ಮನೆಗೆ ಓಡಿದರೆ, ಹೆಂಡತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಹೊದಿಕೆ ಒಗೆಯುತ್ತಿದ್ದಳು. "ಅತಿಥಿ ಮತ್ತೆ ಬಂದ್ರೆ? ಮುಟ್ಟೀರಿ, ಜೋಕೆ!"

ಅವನು ಹಳ್ಳದ ದಂಡೆಯ ಮರದಡಿ ಬಿದ್ದುಕೊಂಡ. ಮಧ್ಯಾಹ್ನ ಅಲ್ಲಿಗೂ ಅತಿಥಿ ಬಂದರು. ದಾರಿ ತೋರಿಸಲು ಜೊತೆಗೆ ಬಂದಿದ್ದ ಊರಿನ ಬಡಗಿ ಪಿಸುಗುಟ್ಟಿದ: "ಇದು ನಮ್ಮ ಕಾವಲುಗಾರ. ಹಗಲು ಮಲಗುತ್ತೆ, ಕತ್ತಲಾದ್ಮೇಲೆ ಹೊಲಕ್ಕೆ ಬರುತ್ತೆ."

ಅತಿಥಿ ನಾಲ್ಕೂ ಕಡೆಯಿಂದ ಫೋಟೋ ತೆಗೆದರು. "ಸ್ವಲ್ಪ ಆ ಕಡೆ ಹೊರಳಿ ಮಲಗ್ತೀರಾ? ಬೆಳಕು ಚೆನ್ನಾಗಿದೆ."

ಅಷ್ಟಕ್ಕೆ ನಿದ್ದೆ ಹಾರಿಹೋಯಿತು. ಗೂಬೆಗೆ ಅಳುವೇ ಬಂತು. ಆದರೆ ಸಂಜೆಗೆ ಅತಿಥಿಯೇ ದೇವರಂತೆ ಕಂಡರು.

"ಇವತ್ತು ರಾತ್ರಿ ಹೊಲದಲ್ಲಿ ನಿಮ್ಮ ಅಟ್ಟಣೆ ಮೇಲೆ ನಾನು ಕಾವಲಿರ್ತೀನಿ."

"ಧಾರಾಳವಾಗಿ ಇರಿ ಸಾರ್! ಹಂದಿ ಬಂದ್ರೆ ಈ ಡಬ್ಬ ಬಡೀರಿ, ಅಷ್ಟೆ."

ಒಂದೇ ಉಸಿರಿಗೆ ಮನೆ ಸೇರಿ, ಬಿಸಿಲಿನ ಘಮವಿದ್ದ ಹಾಸಿಗೆಗೆ ಮೈ ಚೆಲ್ಲಿದ. ಆಹಾ! ಒಂದು ಕಾಲು ಇನ್ನೂ ಕೆಳಗಿತ್ತು, ಬಾಗಿಲಲ್ಲಿ ಅತ್ತೆ.

"ಏಳಿ. ಅತಿಥೀನ ಕಾಡಲ್ಲಿ ಒಬ್ಬರನ್ನೇ ಬಿಡೋ ಹಾಗಿಲ್ಲ, ಊರಿನವರು ಜೊತೆಗಿರ್ಲೇಬೇಕು. ಅನುಮತಿ ಕೊಟ್ಟಿದ್ದೇ ಆ ಷರತ್ತಿನ ಮೇಲೆ."

"ಬೇರೆ ಯಾರೂ ಇಲ್ವಾ?"

"ರಾತ್ರಿ ಎಚ್ಚರ ಇರೋ ಅಭ್ಯಾಸ ನಿಮಗಲ್ದೆ ಇನ್ಯಾರಿಗಿದೆ?"

ಗೂಬೆ ಅಟ್ಟಣೆ ಏರಿದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಅವನದೇ ಚಾಪೆಯ ಮೇಲೆ ಅತಿಥಿ ಆಗಲೇ ಗೊರಕೆ ಶುರುಮಾಡಿದ್ದರು. ಹೊಲದಂಚಿನಲ್ಲಿ ಹಂದಿಗಳು ಕಾಣಿಸಿದವು. ಅವನು ಡಬ್ಬಕ್ಕೆ ಕೋಲೆತ್ತಿದ.

"ಬಡೀಬೇಡಿ!" ಊಟ ತಂದಿದ್ದ ಅತ್ತೆ ಕೆಳಗಿನಿಂದ ಪಿಸುಗುಟ್ಟಿದರು. "ಅತಿಥಿಗೆ ಎಚ್ಚರ ಆದೀತು."

ಗೂಬೆ ಕೆಳಗಿಳಿದು, ಹಂದಿಗಳ ಮುಂದೆ ನಿಂತು ಕೈ ಮುಗಿದ. "ಹೋಗ್ರಪ್ಪಾ... ನಿಮ್ಮ ದಮ್ಮಯ್ಯ, ಹೋಗ್ರಪ್ಪಾ..."

ಅಟ್ಟಣೆಯಿಂದ ನಿದ್ದೆಗಣ್ಣಿನ ದನಿ ಬಂತು: "ಕಾವಲುಗಾರ್ರೇ, ಸ್ವಲ್ಪ ಮೆಲ್ಲಗೆ. ಇಂಥ ನಿದ್ದೆ ಎಲ್ಲೂ ಬಂದಿರ್ಲಿಲ್ಲ. ಇನ್ನೂ ಒಂದು ತಿಂಗಳು ಇಲ್ಲೇ ಮಲಗೋಣ ಅಂತಿದೀನಿ."