ಎರಡು ಹೂಂ

ಯಾಕಪ್ಪನಿಗೆ ಒಂದೇ ಸೀಟು ಸಿಕ್ಕಿದ್ದರೆ ಯಾರಿಗೂ ತಲೆನೋವು ಇರುತ್ತಿರಲಿಲ್ಲ. ಗ್ರಹಚಾರಕ್ಕೆ ಎರಡು ಸಿಕ್ಕಿದವು.

ಯಾಕಪ್ಪ ಎನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ಚಿಕ್ಕಂದಿನಿಂದಲೂ ಯಾರು ಏನು ಹೇಳಿದರೂ ‘ಯಾಕೆ?’ ಎಂದು ಕೇಳುತ್ತಿದ್ದವನಿಗೆ ಬೀದಿಯವರು ಇಟ್ಟದ್ದು. ಅದು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಈಗ ಹೆಂಡತಿಯ ತವರಿನವರೂ ಹಾಗೆಯೇ ಕರೆಯುತ್ತಿದ್ದರು. ಅವನಿಗೆ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂಬುದು ಮೀಸೆ ಮೂಡುವ ಮೊದಲೇ ಹುಟ್ಟಿದ ಆಸೆ. ಈಗ ಮೀಸೆ ನರೆಯುತ್ತಿತ್ತು. ಈ ವರ್ಷ ಬಿಟ್ಟರೆ ವಯಸ್ಸಿನ ಮಿತಿ ದಾಟಿ, ಆ ಬಾಗಿಲು ಅವನ ಪಾಲಿಗೆ ಮುಚ್ಚಿದಂತೆಯೇ ಸರಿ. ಅದಕ್ಕೇ ಎರಡು ಕಾಲೇಜಿಗೆ ಅರ್ಜಿ ಹಾಕಿದ್ದ. ಒಂದಾದರೂ ಸಿಗಲಿ ಎಂದು.

ಊರಿನ ಮೇಲಿನ ಬಡಾವಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ, ತರಗತಿಗಳು ಬೆಳಿಗ್ಗೆ. ನದಿಯಾಚೆಯ ಕಾಲೇಜಿನಲ್ಲಿ ನೀತಿಶಾಸ್ತ್ರ, ತರಗತಿಗಳು ಸಂಜೆ. ಎರಡು ಕಡೆಯಿಂದಲೂ ಫೋನು ಬಂದಿತ್ತು. ಎರಡು ಕಡೆಗೂ ಉತ್ತರ ಹೇಳಲು ಇವತ್ತೇ ಕಡೆಯ ದಿನ.

“ಇವತ್ತು ತೀರ್ಮಾನ ಮಾಡೇ ಮಾಡ್ತೀನಿ,” ಎಂದ ಯಾಕಪ್ಪ, ಹಲ್ಲುಜ್ಜುತ್ತಲೇ. “ಯಾರನ್ನೂ ಕೇಳಲ್ಲ. ನಾನೇ ಯೋಚನೆ ಮಾಡಿ, ನಾನೇ ಆರಿಸ್ತೀನಿ.”

“ಹದಿನೈದು ದಿನದಿಂದ ಇದನ್ನೇ ಹೇಳ್ತಿದ್ದೀರಿ,” ಎಂದಳು ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದು ಒಂದೊಂದಾಗಿ ಬಟ್ಟೆಗೆ ಚುಚ್ಚಿದಳು. “ಕೇಳಿ ಇಲ್ಲಿ. ಇವತ್ತು ಸಂಜೆಯೊಳಗೆ ಒಂದು ಹೇಳಿದ್ರೆ ಸರಿ. ಇಲ್ಲಾಂದ್ರೆ ಈ ಮನೇಲಿ ಇನ್ನು ಮುಂದೆ ಫಿಲಾಸಫಿ ಅನ್ನೋ ಮಾತು ಎತ್ತಬಾರದು. ಪಾತ್ರೆ ತೊಳೀವಾಗಲೂ ಎತ್ತಬಾರದು.”

“ಆಯ್ತು. ನಿನಗೇನನ್ನಿಸುತ್ತೆ?”

“ಯಾರನ್ನೂ ಕೇಳಲ್ಲ ಅಂದ್ರಲ್ಲ?”

“ಕೇಳ್ತಿಲ್ಲ. ಸುಮ್ಮನೆ ತಿಳ್ಕೊಳ್ಳೋಣ ಅಂತ.”

“ನನ್ನ ಕೇಳಿದ್ರೆ ನೀತಿನೇ ಓದಿ. ತರ್ಕ ಈಗಾಗಲೇ ಮನೆ ತುಂಬ ಇದೆ. ಮೊನ್ನೆ ಬೇಳೆ ತನ್ನಿ ಅಂದ್ರೆ, ಬೇಳೆ ಇಲ್ಲ ಅನ್ನೋದಕ್ಕೆ ಏನು ಆಧಾರ ಅಂತ ಕೇಳಿದೋರು ನೀವು.”

ಈ ಮಾತು ಮಹಡಿಯ ಮೇಲಿನ ಕಂಡಕ್ಟರ್ ಮಾಮನ ಕಿವಿಗೆ ಬಿತ್ತು. ಆ ಕಟ್ಟಡದಲ್ಲಿ ಅವನ ಕಿವಿಗೆ ಬೀಳದ ಮಾತೇ ಇರಲಿಲ್ಲ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ವರ್ಷಗಳೇ ಆಗಿದ್ದರೂ ಮೆಟ್ಟಿಲಲ್ಲಿ ಎದುರಾದವರನ್ನು ಇವತ್ತಿಗೂ “ಎಲ್ಲಿಗೆ?” ಎಂದು ಕೇಳದೆ ಬಿಡುತ್ತಿರಲಿಲ್ಲ.

“ನೋಡಪ್ಪ, ಶಾಸ್ತ್ರ ಯಾವುದು ಅನ್ನೋದು ಮುಖ್ಯ ಅಲ್ಲ,” ಎಂದು ಮೆಟ್ಟಿಲಿಳಿದು ಬಂದ. “ನದಿಯಾಚೆಗೆ ಸಂಜೆ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲ್ಲ. ಮೇಲಿನ ಬಡಾವಣೆಗೆ ಬೆಳಿಗ್ಗೆ ಹೊತ್ತು ಕಿಟಕಿ ಪಕ್ಕದ ಸೀಟೇ ಸಿಗುತ್ತೆ. ಎರಡು ವರ್ಷ ಕಾಲು ನೋಯಿಸ್ಕೊಂಡು ಓದಿದ್ದು ತಲೆಗೆ ಹತ್ತುತ್ತಾ? ತರ್ಕ ತಗೋ.”

ಯಾಕಪ್ಪ ಅಂಗಡಿ ತಲುಪುವ ಹೊತ್ತಿಗೆ ಒಂದೊಂದು ಕಡೆಗೆ ಒಂದೊಂದು ಮತ ಬಿದ್ದು ತಕ್ಕಡಿ ಸಮವಾಗಿತ್ತು. ಆದರೂ ಅವನ ಹಟ ಸಡಿಲವಾಗಿರಲಿಲ್ಲ. ಮಧ್ಯಾಹ್ನದೊಳಗೆ ತೀರ್ಮಾನಿಸಬೇಕೆಂದು ಹಲ್ಲು ಕಚ್ಚಿ ಕೆಲಸಕ್ಕೆ ಕೂತ.

ಮೊದಲ ಗಿರಾಕಿ ಒಬ್ಬ ದಪ್ಪ ಹೆಂಗಸು. ಅವಳ ಕಣ್ಣ ಮುಂದೆ ಯಾಕಪ್ಪ ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ.

“ಇದು ಚೆನ್ನಾಗಿ ಕಾಣುತ್ತೋ, ಮೊದಲಿಂದು ಕಾಣುತ್ತೋ?”

“ಎರಡೂ ಒಂದೇ ಥರ ಇದೆಯಪ್ಪ.”

“ಹಾಗಂದ್ರೆ ಆಗಲ್ಲಮ್ಮ. ಒಂದು ಹೇಳಲೇಬೇಕು.”

ಕೌಂಟರಿನ ಹಿಂದೆ ಕೂತಿದ್ದ ಯಜಮಾನರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಯಾಕಪ್ಪನಿಗೆ ಕಿವಿ ಬಿಸಿಯಾಯಿತು.

ಹೆಂಗಸು ಹೋದ ಮೇಲೆ ಯಜಮಾನರು ಗಂಟಲು ಸರಿಪಡಿಸಿಕೊಂಡರು. “ನೀನು ಏನಾದ್ರೂ ಓದು, ನೀತಿ ಮಾತ್ರ ಬೇಡ. ಈಗಲೇ ನೀನು ಗಿರಾಕಿಗಳಿಗೆ ‘ನಿಮ್ಮ ಹಳೇ ಫ್ರೇಮೇ ಚೆನ್ನಾಗಿದೆ, ಹೊಸದು ಯಾಕೆ?’ ಅಂತ ಕೇಳ್ತಿದ್ದೀಯ. ಅದರಲ್ಲಿ ಎಂ.ಎ. ಬೇರೆ ಆಗ್ಬಿಟ್ರೆ ನಾನು ಅಂಗಡಿ ಮುಚ್ಚಿ ಮನೆಗೆ ಹೋಗಬೇಕಾಗುತ್ತೆ.”

ಆ ಕ್ಷಣದಲ್ಲಿ ಯಾಕಪ್ಪ ತೀರ್ಮಾನಿಸಿಬಿಟ್ಟ. ನೀತಿಯೇ ಸರಿ. ಯಜಮಾನರಿಗೆ ಅಷ್ಟು ಭಯ ಹುಟ್ಟಿಸುವ ಶಾಸ್ತ್ರದಲ್ಲಿ ಏನೋ ಸತ್ತ್ವ ಇರಲೇಬೇಕು. ಎದೆ ಹಗುರವಾಯಿತು. ಹದಿನೈದು ದಿನದ ನಂತರ ಮೊದಲ ಬಾರಿಗೆ ಊಟ ರುಚಿಸಿತು. ಇನ್ನು ಉಳಿದದ್ದು ತರ್ಕಶಾಸ್ತ್ರದ ಮೇಷ್ಟ್ರಿಗೆ ‘ಬರುವುದಿಲ್ಲ’ ಎನ್ನುವುದು. ಫೋನಿನಲ್ಲಿ ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ನೀತಿ ಓದಹೊರಟವನು ಹಾಗೆ ಫೋನಿನಲ್ಲಿ ಬೆನ್ನು ತಿರುಗಿಸಬಹುದೇ? ಅರ್ಧ ದಿನ ರಜೆ ಕೇಳಿ, ಖುದ್ದಾಗಿ ಹೊರಟ. ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ತರ್ಕಶಾಸ್ತ್ರ ವಿಭಾಗವೆಂದರೆ ಒಂದು ಉದ್ದನೆಯ ಕೋಣೆ, ಒಂದು ಮೇಜು, ಮೇಜಿನ ಹಿಂದೆ ಒಬ್ಬರು ಬಡಕಲು ಮೇಷ್ಟ್ರು. ಅವರು ಬೆಂಚುಗಳ ಧೂಳನ್ನು ತಾವೇ ಒರೆಸುತ್ತಿದ್ದರು. ಯಾಕಪ್ಪನನ್ನು ಕಂಡದ್ದೇ ಬಟ್ಟೆಯನ್ನು ಬಚ್ಚಿಟ್ಟುಕೊಂಡರು.

“ಬನ್ನಿ, ಬನ್ನಿ. ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಅದು ನಿಮ್ಮ ಜಾಗ.”

“ಸರ್, ಉಳಿದ ವಿದ್ಯಾರ್ಥಿಗಳು...”

“ಉಳಿದವರು ಅಂತ ಯಾರೂ ಇಲ್ಲ. ನೀವೊಬ್ಬರೇ. ನೀವು ಬಂದ್ರೆ ವಿಭಾಗ ಇರುತ್ತೆ, ಬರದಿದ್ರೆ ಇರಲ್ಲ. ನೀವು ಬಂದಿದ್ದೀರಿ. ಆದ್ದರಿಂದ ವಿಭಾಗ ಇದೆ.” ಮೇಷ್ಟ್ರ ಕಣ್ಣಲ್ಲಿ ನೀರಾಡಿತು. “ನೀವು ಬರದಿದ್ರೆ ನನ್ನನ್ನ ಪರೀಕ್ಷಾ ವಿಭಾಗಕ್ಕೆ ಹಾಕ್ತಾರಂತೆ. ಕವರಿಗೆ ಗೋಂದು ಹಚ್ಚೋದಕ್ಕೆ.”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ‘ಕ್ಷಮಿಸಿ ಸರ್’ ಎನ್ನುವ ಮಾತನ್ನು ಯಾಕಪ್ಪ ನುಂಗಿಕೊಂಡ. ಗೋಂದು ಮೆತ್ತಿದ ಆ ಬಡಕಲು ಬೆರಳುಗಳು ಕಣ್ಣ ಮುಂದೆ ಬಂದವು. ಪಾಪ ಅನ್ನಿಸಿತು, ತಡೆಯಲಾರದಷ್ಟು ಪಾಪ ಅನ್ನಿಸಿತು.

“ನಾಳೆಯಿಂದ ಬರ್ತೀಯಲ್ಲಪ್ಪ?” ಮೇಷ್ಟ್ರು ಆಗಲೇ ಏಕವಚನಕ್ಕೆ ಇಳಿದಿದ್ದರು.

“ಹೂಂ ಸರ್,” ಎಂದ ಯಾಕಪ್ಪ.

ಸರಿ, ತೀರ್ಮಾನ ತಿರುಗಿತು. ಆದರೂ ತೀರ್ಮಾನವೇ ತಾನೇ? ತರ್ಕವೇ ಆಗಲಿ. ಇನ್ನು ನೀತಿಶಾಸ್ತ್ರದವರಿಗೆ ಇಲ್ಲವೆಂದರೆ ಮುಗಿಯಿತು. ಈ ಸಲ ಕರಗುವುದಿಲ್ಲವೆಂದು ನದಿಯಾಚೆಯ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತೇ ಶಪಥ ಮಾಡಿದ. ಕಂಡಕ್ಟರ್ ಮಾಮ ಹೇಳಿದ್ದು ಸುಳ್ಳಾಗಿರಲಿಲ್ಲ.

ನೀತಿಶಾಸ್ತ್ರದ ಮೇಡಂ ಅವನ ಮುಖ ನೋಡಿದ್ದೇ, “ನೀವು ಬರಲ್ಲ ಅಂತ ಹೇಳೋಕೆ ಬಂದಿದ್ದೀರಿ,” ಎಂದರು. “ಪರವಾಗಿಲ್ಲ. ನಿಮ್ಮ ಮೇಲೆ ಒತ್ತಡ ಹಾಕೋದು ತಪ್ಪು. ನೀವೊಬ್ಬರೇ ಅರ್ಜಿ ಹಾಕಿದ್ದು, ನೀವು ಬರದಿದ್ರೆ ಈ ಕೋಣೇಲಿ ಕುರ್ಚಿ ಮೇಜು ಪೇರಿಸಿಡ್ತಾರೆ, ಇದನ್ನೆಲ್ಲ ನಿಮಗೆ ಹೇಳೋದೂ ತಪ್ಪು. ಅದಕ್ಕೇ ಹೇಳಲ್ಲ.”

ಹೇಳಲ್ಲ ಎಂದು ಹೇಳಿದ್ದನ್ನು ಕೇಳಿಸಿಕೊಂಡವನು ಏನು ಮಾಡಬೇಕು? ಗೋಡೆಯ ಕಡೆ ನೋಡಿದ. ನೆಲದ ಕಡೆ ನೋಡಿದ. ಕಡೆಗೆ ಮೇಡಂ ಕಡೆ ನೋಡಿದ, ಅದೇ ತಪ್ಪಾಯಿತು.

“ಬರ್ತೀನಿ ಮೇಡಂ.”

“ನಿಜವಾಗ್ಲೂ?”

“ಹೂಂ ಮೇಡಂ.”

ಹೊರಗೆ ಬಂದವನ ಎದೆಯಲ್ಲಿ ಹೊಸ ಕೆಚ್ಚು ಎದ್ದಿತು. ಯಾಕೆ ಒಂದೇ? ಬೆಳಿಗ್ಗೆ ತರ್ಕ, ಸಂಜೆ ನೀತಿ. ಎರಡನ್ನೂ ಓದುವುದೇ ಸೈ. ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿ ತಿಳಿಸಿದ.

“ಬೆಳಿಗ್ಗೆ ಒಂದು ಕಾಲೇಜು, ಸಂಜೆ ಒಂದು ಕಾಲೇಜು,” ಎಂದರು ಯಜಮಾನರು ಶಾಂತವಾಗಿ. “ನನ್ನ ಅಂಗಡಿಗೆ ಕನಸಲ್ಲಿ ಬರ್ತೀಯಾ?”

ಮನೆಗೆ ಬಂದರೆ ಮೆಟ್ಟಿಲಲ್ಲಿ ಕಂಡಕ್ಟರ್ ಮಾಮ. ವಿಷಯ ಕೇಳಿ ತಲೆಯಾಡಿಸಿದ. “ಆಗಲ್ಲಪ್ಪ. ಒಂದು ಎಂ.ಎ. ಓದ್ತಿರೋವಾಗ ಇನ್ನೊಂದಕ್ಕೆ ಸೇರಿಸಿಕೊಳ್ಳಲ್ಲ. ನನ್ನ ಷಡ್ಡಕನ ಮಗನ್ನ ಎರಡು ಕಡೆಯಿಂದಲೂ ಓಡಿಸಿದ್ರು. ಎರಡು ಬಸ್ಸಲ್ಲಿ ಒಬ್ಬನೇ ಹೆಂಗೆ ಕೂತ್ಕೋತೀಯ?”

ಹೆಂಡತಿ ಹೊಲಿಗೆ ಯಂತ್ರದ ಮೇಲಿಂದ ಕೈ ತೆಗೆದಳು. “ಕಾಲೇಜಿನ ಆಫೀಸು ಇನ್ನೂ ತೆಗೆದಿರುತ್ತೆ. ಫೋನು ಮಾಡಿ. ಯಾರಾದ್ರೂ ಒಬ್ಬರಿಗೆ ಇಲ್ಲ ಅನ್ನಿ. ನನ್ನ ಮುಂದೆ ಅನ್ನಿ.”

ಯಾಕಪ್ಪ ಫೋನು ಎತ್ತಿಕೊಂಡ. ಈ ಸಲ ಅವನ ಮುಖದಲ್ಲಿ ನಿಜಕ್ಕೂ ಗಟ್ಟಿತನವಿತ್ತು. ಒತ್ತಬೇಕು ಎನ್ನುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ತರ್ಕಶಾಸ್ತ್ರದ ಮೇಷ್ಟ್ರು.

“ನದಿಯಾಚೆಯ ಮೇಡಂ ನನ್ನ ಹಳೇ ಶಿಷ್ಯೆ ಕಣಪ್ಪ,” ಎಂದರು. “ಈಗಷ್ಟೇ ಫೋನು ಮಾಡಿದ್ಲು. ‘ಸರ್, ಒಬ್ಬರು ವಿದ್ಯಾರ್ಥಿ ಸಿಕ್ಕಿದ್ರು, ಕನ್ನಡಕದ ಅಂಗಡಿಯವರು’ ಅಂತ ಕುಣೀತಿದ್ಲು. ಶಿಷ್ಯೆಯ ಅನ್ನಕ್ಕೆ ಗುರು ಕೈ ಹಾಕಬಾರದು. ನಿನ್ನ ಹೆಸರು ಹೊಡೆದುಹಾಕ್ಬಿಟ್ಟೆ. ನೀನು ಅಲ್ಲಿಗೇ ಹೋಗು. ಚೆನ್ನಾಗಿ ಓದು.”

ಯಾಕಪ್ಪನ ಕಣ್ಣು ತುಂಬಿತು. ಹೆಂಡತಿ ಮಾತ್ರ ನಿಟ್ಟುಸಿರುಬಿಟ್ಟು, “ದೇವರು ದೊಡ್ಡವನು. ಒಂದು ಉಳೀತು,” ಎಂದಳು. ಅವಳು ಹಾಗೆಂದು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈಗ ಮೇಡಂ.

“ನಿಮ್ಮ ಸುದ್ದಿ ಹೇಳಿದ್ದಕ್ಕೆ ಸರ್ ‘ಒಳ್ಳೇದಮ್ಮ’ ಅಂದ್ರು. ಆ ದನಿ ಕೇಳಿದ್ರೇ ಗೊತ್ತಾಯ್ತು, ನೀವು ಅವರ ವಿದ್ಯಾರ್ಥಿ ಅಂತ. ಗುರುಗಳ ಕೈಯಿಂದ ಕಿತ್ಕೊಂಡು ನಾನು ನೀತಿ ಪಾಠ ಮಾಡಲಾ? ನಿಮ್ಮ ಹೆಸರು ವಾಪಸ್ಸು ತಗೊಂಡೆ. ನೀವು ಸರ್ ಹತ್ರಾನೇ ಓದಿ.”

ಹೆಂಡತಿ ಅವನ ಕೈಯಿಂದ ಫೋನು ಕಸಿದುಕೊಂಡಳು. ಅವಳ ಜೀವನದಲ್ಲಿ ತತ್ತ್ವಶಾಸ್ತ್ರದ ಮೇಲೆ ಪ್ರೀತಿ ಉಕ್ಕಿದ ಏಕೈಕ ಗಳಿಗೆ ಅದು. ಮೇಷ್ಟ್ರಿಗೂ ಫೋನು ಹಚ್ಚಿ, ಇಬ್ಬರನ್ನೂ ಒಂದೇ ಕರೆಗೆ ಸೇರಿಸಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. “ಸರ್, ಮೇಡಂ, ಇಬ್ಬರೂ ಹೆಸರು ಹೊಡೆದುಹಾಕಿದ್ದೀರಿ. ಆಫೀಸು ಮುಚ್ಚೋದ್ರೊಳಗೆ ಯಾರಾದ್ರೂ ಒಬ್ಬರು ಇವರನ್ನ ಸೇರಿಸಿಕೊಳ್ಳಿ. ಕೈ ಮುಗೀತೀನಿ.”

“ಅದಕ್ಕೇನಮ್ಮ, ನನ್ನ ಶಿಷ್ಯೆ ಸೇರಿಸಿಕೊಳ್ತಾಳೆ,” ಎಂದ ಮೇಷ್ಟ್ರು ಮೇಡಂಗೆ ಹೇಳಿದರು. “ನೋಡಮ್ಮ, ಅವನು ನನಗೆ ಹೂಂ ಅಂದ. ಆಮೇಲೆ ನಿನಗೂ ಹೂಂ ಅಂದ. ಎರಡೂ ಒಟ್ಟಿಗೆ ನಿಜ ಆಗೋಕಾಗಲ್ಲ. ಎರಡನೇದು ಹೇಳುವಾಗ ಮೊದಲನೇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದೇ ಗಟ್ಟಿ ಮಾತು. ಆದ್ದರಿಂದ ಅವನು ನಿನ್ನವನು.”

“ಇಲ್ಲ ಸರ್. ಮೊದಲು ಕೊಟ್ಟಿದ್ದೇ ಮಾತು. ಅದನ್ನ ಕೊಟ್ಟ ಮೇಲೆ ಎರಡನೇದು ಕೊಡೋ ಹಕ್ಕೇ ಅವರಿಗಿರಲಿಲ್ಲ. ಇಲ್ಲದ ಹಕ್ಕಿಂದ ಕೊಟ್ಟಿದ್ದನ್ನ ನಾನು ಹೆಂಗೆ ತಗೊಳ್ಳಲಿ?”

ಯಾಕಪ್ಪ ಮೇಜಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ಇಷ್ಟು ವರ್ಷ ಅವನು ಕಾದದ್ದು ಇಂಥ ಮಾತಿಗೇ. ಕೆನ್ನೆಗೆ ಕೈಕೊಟ್ಟು ಕೂತ. ಮೇಷ್ಟ್ರು ಒಂದು ಕಡೆಯಿಂದ ಕಟ್ಟಿದ್ದನ್ನು ಮೇಡಂ ಇನ್ನೊಂದು ಕಡೆಯಿಂದ ಬಿಚ್ಚುತ್ತಿದ್ದರು. ಮೇಡಂ ಬಿಚ್ಚಿದ್ದರಿಂದಲೇ ಮೇಷ್ಟ್ರು ಹೊಸದೊಂದನ್ನು ಕಟ್ಟುತ್ತಿದ್ದರು. ಕಂಡಕ್ಟರ್ ಮಾಮನೂ ಮೆಲ್ಲಗೆ ಒಳಗೆ ಬಂದು ಗೋಡೆಗೊರಗಿ ನಿಂತ.

ಹೆಂಡತಿ ಗಂಡನ ತೋಳು ಚಿವುಟಿದಳು. “ರೀ, ಹೇಳ್ರೀ. ಯಾವುದಾದ್ರೂ ಒಂದು ಹೇಳ್ರೀ. ನಿಮ್ಮ ಬಾಯಿಂದ ಬಂದ್ರೆ ಇಬ್ಬರೂ ಒಪ್ತಾರೆ.”

“ಅದು ನಿಜ,” ಎಂದರು ಮೇಡಂ. “ಅವರು ಇಂಥದ್ದು ಅಂತ ಹೇಳಿದ್ರೆ ನಾನು ಒಪ್ತೀನಿ.”

“ನಾನೂ ಒಪ್ತೀನಿ,” ಎಂದರು ಮೇಷ್ಟ್ರು. “ಹೇಳಪ್ಪ. ಜವಾನ ಬೀಗ ಹಿಡ್ಕೊಂಡು ಓಡಾಡ್ತಿದ್ದಾನೆ.”

ಯಾಕಪ್ಪ ಎದ್ದು ನಿಂತ. ಈ ಸಲ ಅವನು ಹಿಂದೆಗೆಯುವಂತಿರಲಿಲ್ಲ. ಫೋನಿನ ಕಡೆ ಬಗ್ಗಿ ಬಾಯಿ ತೆರೆದ.

“ಸರ್, ಮೇಡಂ, ಒಬ್ಬ ಮನುಷ್ಯ ಎರಡು ಹೂಂಗಳನ್ನೂ ಮನಸಾರೆ ಹೇಳಿದ್ರೆ? ಹೇಳೋವಾಗ ಎರಡೂ ನಿಜವೇ ಆಗಿದ್ರೆ? ಆಗ ಅವನು ಸುಳ್ಳು ಹೇಳಿದ ಅಂತ ಅನ್ನಬಹುದಾ?”

“ಒಳ್ಳೇ ಪ್ರಶ್ನೆ,” ಎಂದರು ಮೇಷ್ಟ್ರು.

“ಬಹಳ ಒಳ್ಳೇ ಪ್ರಶ್ನೆ,” ಎಂದರು ಮೇಡಂ. “ಸರ್, ನೀವು ಮೊದಲು ಹೇಳಿ.”

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಮೇಷ್ಟ್ರು ಉತ್ತರಕ್ಕೆ ಪೀಠಿಕೆ ಹಾಕಿದರು. ಪೀಠಿಕೆ ಮುಗಿಯುವ ಮೊದಲೇ ಮೇಡಂ ಒಂದು ಆಕ್ಷೇಪ ಎತ್ತಿದರು. ಆಕ್ಷೇಪಕ್ಕೆ ಯಾಕಪ್ಪ ಇನ್ನೊಂದು ಸಂದೇಹ ಸೇರಿಸಿದ. ಇಬ್ಬರೂ ಅದನ್ನು ಮೆಚ್ಚಿಕೊಂಡರು. ಮಾತು ಎಲ್ಲಿಂದೆಲ್ಲಿಗೋ ಹೋಯಿತು. ನಡುವೆ ಒಂದು ಕಡೆಯಿಂದ ಆಫೀಸಿನ ಬಾಗಿಲಿಗೆ ಬೀಗ ಹಾಕಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಕಡೆಯಿಂದಲೂ ಕೇಳಿಸಿತು. ಆ ಸದ್ದನ್ನು ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ.

ಕಡೆಗೆ ಫೋನು ಬಿಸಿಯಾಗಿ ತಾನೇ ಆರಿಹೋಯಿತು. ಯಾಕಪ್ಪನ ಮುಖ ಅರಳಿತ್ತು. ಕಿಟಕಿಯಾಚೆ ಬೀದಿದೀಪ ಹತ್ತಿದ್ದನ್ನು ಕಂಡ ಮೇಲಷ್ಟೇ ಅವನಿಗೆ ಏನಾಯಿತೆಂಬುದು ನಿಧಾನವಾಗಿ ಅರಿವಿಗೆ ಬಂತು. ಕುರ್ಚಿಯಲ್ಲಿ ಕುಸಿದ.

“ಕೊನೆಗೆ ಯಾರು ಗೆದ್ರು?” ಎಂದು ಕೇಳಿದ ಕಂಡಕ್ಟರ್ ಮಾಮ.

“ಇಬ್ಬರೂ ಗೆದ್ರು ಮಾಮ,” ಎಂದ ಯಾಕಪ್ಪ. “ಇಬ್ಬರೂ ನನ್ನನ್ನ ಬಿಟ್ಟುಕೊಟ್ರು.”

ಹೆಂಡತಿ ಎದ್ದಳು. ಸತ್ತ ಫೋನನ್ನು ಎತ್ತಿಕೊಂಡು ಹೋಗಿ ಚಾರ್ಜಿಗೆ ಹಾಕಿ, “ಕೈ ತೊಳ್ಕೊಂಡು ಬನ್ನಿ, ಊಟ ಮಾಡೋಣ,” ಎಂದಳು.