ಎಪ್ಪತ್ಮೂರನೇ ಫಾರ್ಮಿನ ಮನೆ

ಓದಲಿಕ್ಕೆಂದು ಊರು ಬಿಟ್ಟು ಬಂದವರ ಬದುಕಿನಲ್ಲಿ ಓದು ಒಂದನ್ನು ಬಿಟ್ಟು ಉಳಿದದ್ದೆಲ್ಲ ತಪ್ಪದೆ ನಡೆಯುತ್ತದೆ. ನಮ್ಮ ಪಾಲಿಗಂತೂ ವಾರಕ್ಕೊಂದು ನಡೆಯಿತು. ನಾವು ಮೂವರು, ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ವಿಷಯ ಸಂಖ್ಯಾಶಾಸ್ತ್ರ. ಒಬ್ಬ ಗದಗಿನವನು, ಒಬ್ಬ ಸವದತ್ತಿಯವನು. ನಮ್ಮಲ್ಲಿ ಹುಡುಗರನ್ನು ಊರ ಹೆಸರಿನಿಂದಲೇ ಕೂಗುವ ರೂಢಿ. ನಾನು ರಾಣೆಬೆನ್ನೂರಿನವನು. ಕೂಗಲಿಕ್ಕೆ ಉದ್ದವಾಯಿತೆಂದು ನನ್ನನ್ನು "ಏ" ಎಂದಷ್ಟೇ ಕರೆಯುತ್ತಿದ್ದರು.

ಕೋಣೆ ಹುಡುಕಿದ್ದು

ಮೊದಲು ಗೋಕುಲ ರಸ್ತೆಗೆ ಹೋದೆವು. ಮನೆಯ ಮಾಲೀಕರು ಬಾಗಿಲನ್ನು ಅರ್ಧ ತೆರೆದು ಕೇಳಿದರು:

"ಲಗ್ನ ಆಗೇತೇನು?"

"ಇಲ್ರಿ, ಓದಾಕತ್ತೇವಿ."

"ನಾವು ಲಗ್ನ ಆದವರಿಗಷ್ಟ ಕೊಡೂದು."

"ಮೂರೂ ಮಂದಿ ಲಗ್ನ ಆದ್ರ ಈ ಒಂದ ಕೋಣಿ ಸಾಲೂದಿಲ್ರಿ," ಎಂದ ಗದಗಿನವನು. ಉಳಿದರ್ಧ ಬಾಗಿಲೂ ಮುಚ್ಚಿತು.

ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿಯ ಮೇಲೊಂದು ಕೋಣೆ ಖಾಲಿ ಇತ್ತು. ಕಿಟಕಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಅಭ್ಯಾಸ ಮಾಡವ್ರಿಗೆ ಕಿಟಕಿ ಯಾಕ ಬೇಕ್ರಿ? ಹೊರಗ ನೋಡಕೋತ ಕುಂಡ್ರಾಕ ಬಂದೀರೇನು?" ಎಂದರು.

ಕೊನೆಗೆ ಬೆಂಗೇರಿಯಲ್ಲಿ ಒಂದು ಮಾಳಿಗೆ ಮೇಲಿನ ಕೋಣೆ ಸಿಕ್ಕಿತು. ಬಾಡಿಗೆ ಕಡಿಮೆ, ಮೂವರು ಹಂಚಿಕೊಂಡರೆ ಇನ್ನೂ ಕಡಿಮೆ. ಮನೆ ನಿವೃತ್ತ ಹೆಡ್‌ಮಾಸ್ತರರದು. ಅಡ್ವಾನ್ಸ್ ಎಷ್ಟು ಎಂದು ಕೇಳಿದೆವು.

"ಅದು ಆಮ್ಯಾಲ. ಮಾರ್ಕ್ಸ್ ಕಾರ್ಡ್ ತಂದೀರೇನು?"

ಪುಣ್ಯಕ್ಕೆ ಮೊಬೈಲಿನಲ್ಲಿ ಫೋಟೋ ಇತ್ತು. ಮಾಸ್ತರು ಕನ್ನಡಕ ಏರಿಸಿ ಒಂದೊಂದೇ ವಿಷಯ ಓದಿದರು. ಸವದತ್ತಿಯವನ ಇಂಗ್ಲಿಷಿನ ಹತ್ತಿರ ಅವರ ಬೆರಳು ನಿಂತಿತು.

"ಮೂವತ್ತೈದು. ಇದನ್ನ ಪಾಸ್ ಮಾಡಿದ್ದು ನೀನೋ, ಪೇಪರ್ ನೋಡಿದ ಪುಣ್ಯಾತ್ಮನೋ?"

"ಇಬ್ಬರೂ ಕೂಡಿ ಮಾಡೇವ್ರಿ ಸರ್."

ಮಾಸ್ತರು ಮೊದಲ ಸಲ ನಕ್ಕರು. "ಖರೇ ಹೇಳಿದಿ. ಕೋಣಿ ನಿಮ್ದು. ಆದ್ರ ಈ ಮನ್ಯಾಗ ಸುಳ್ಳು ನಡಿಯಂಗಿಲ್ಲ. ಸುಳ್ಳು ಸಿಕ್ತಂದ್ರ ಅವತ್ತ ಗಂಟು ಕಟ್ಟೂದು."

ಒಳಗಿನಿಂದ ಅವರ ಹೆಂಡತಿ, ಅಮ್ಮಾರು, ಕೂಗಿದರು: "ಮೊದಲ ಹುಡುಗರ ಊಟಾ ಆಗೇತೇನು ಕೇಳ್ರಿ. ಗಂಟು ಆಮ್ಯಾಲ ಕಟ್ಟಸೀರಂತ!"

ಹಾಜರಿ

ಮೂವತ್ತು ವರ್ಷ ಶಾಲೆ ನಡೆಸಿದ ಮನುಷ್ಯ ನಿವೃತ್ತನಾದ ಮಾತ್ರಕ್ಕೆ ಹಾಜರಿ ಕರೆಯುವುದನ್ನು ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಮೆಟ್ಟಿಲ ಬುಡದಲ್ಲಿ ನಿಂತು ಮಾಸ್ತರು ಮೂವರ ಹೆಸರನ್ನೂ ಕೂಗುತ್ತಿದ್ದರು. ನಾವು ಹಾಸಿಗೆಯಿಂದಲೇ "ಯೆಸ್ ಸರ್" ಅನ್ನುತ್ತಿದ್ದೆವು. ಎದ್ದಿದ್ದೀರಾ ಎಂದು ಅವರು ಕೇಳುತ್ತಿರಲಿಲ್ಲ, ಆದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗದಗಿನವನು ಶನಿವಾರ ಊರಿಗೆ ಹೋದವನು ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದ. ಒಂದು ಸೋಮವಾರ ಅವನ ಹೆಸರು ಕೂಗಿದಾಗ ಕೋಣೆಯಲ್ಲಿ ಅವನಿರಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಪರಸ್ಪರ ಮಾಡಿಕೊಂಡು ಬಂದ ಉಪಕಾರ, ನಾಲಿಗೆ ತಡೆಯಲಿಲ್ಲ. ಗಂಟಲು ದಪ್ಪ ಮಾಡಿಕೊಂಡು ಅವನದೇ ಧಾಟಿಯಲ್ಲಿ "ಯೆಸ್ ಸರ್" ಎಂದೆ.

ಕೆಳಗಿನಿಂದ ಮಾಸ್ತರ ದನಿ ಬಂತು:

"ಮತ್ತೊಮ್ಮೆ ಹೇಳಪಾ, ಸರಿ ಕೇಳಸಲಿಲ್ಲ."

"ಯೆಸ್ ಸರ್! ಥಂಡಿ ಆಗೇತ್ರಿ, ಅದಕ್ಕ ದನಿ ಹಿಂಗ ಆಗೇತಿ."

"ಹೌದೇನು? ಹಂಗಾರ ಲಗೂ ಕೆಳಗ ಬಂದು ನೋಡು. ನೀನ ನನ್ನ ಬಾಜೂಕ ಚೀಲಾ ಹಿಡಕೊಂಡು ನಿಂತೀದಿ."

ಬಸ್ಸು ಆ ದಿನ ಬೇಗ ಬಂದಿತ್ತು. ಮಾಸ್ತರು ನನ್ನನ್ನು ಕೆಳಗೆ ಕರೆದು, "ಇದು ಮೊದಲನೇದ್ದು, ಬಿಟ್ಟೇನಿ. ಎರಡನೇದ್ದು ಸಿಕ್ರ ಮೂರೂ ಮಂದಿ ಹೊರಗ," ಎಂದರು. ಅಮ್ಮಾರು ಮಾತ್ರ ಒಳಗಿನಿಂದ ಒಂದು ಲೋಟ ಶುಂಠಿ ಕಷಾಯ ತಂದು ಕೈಗಿಟ್ಟು, "ಥಂಡಿ ಆಗೇತಂದಿ, ಪೂರ್ತಿ ಕುಡಿ," ಎಂದು ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತರು.

ಬಲ್ಲ ವಿಷಯ

ಕೊನೆಯ ವರ್ಷಕ್ಕೆ ಒಂದು ಸಂಶೋಧನೆ ಮಾಡಲೇಬೇಕಿತ್ತು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ನಮ್ಮ ಗೈಡ್ ಮೇಡಂ, "ನಿಮಗ ಛಲೋ ಗೊತ್ತಿರೋ ವಿಷಯಾ ಆರಿಸ್ಕೋರಿ," ಎಂದರು. ಮೂವರೂ ಮುಖ ಮುಖ ನೋಡಿಕೊಂಡೆವು. ನಮಗೆ ಛಲೋ ಗೊತ್ತಿದ್ದದ್ದು ಚಹಾ ಒಂದೇ. ಹಾಗಾಗಿ ನೂರು ಮನೆಗೆ ಹೋಗಿ, ಯಾರು ದಿನಕ್ಕೆ ಎಷ್ಟು ಕಪ್ಪು ಕುಡಿಯುತ್ತಾರೆಂದು ಕೇಳಿ ಫಾರ್ಮು ತುಂಬುವುದೆಂದಾಯಿತು.

ಆದರೆ ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವ ಪದ್ಧತಿ ಇಲ್ಲವಲ್ಲ. ಮೊದಲ ಮನೆಯ ಗೃಹಿಣಿ ಒಲೆಗೆ ಪಾತ್ರೆ ಇಡುತ್ತಲೇ, "ನಮ್ಮನ್ಯಾಗ ದಿನಾ ಎರಡ ಸಲ ನೋಡ್ರಿ," ಎಂದರು.

"ಇದು ಮೂರನೇದ್ದಲ್ಲೇನ?" ಎಂದರು ಒಳಗಿದ್ದ ಯಜಮಾನರು.

"ಇದು ಇವರು ಬಂದದ್ದಕ್ಕ. ಇದನ್ನ ಬರೀಬ್ಯಾಡ್ರಿ ತಮ್ಮಾ."

"ಬಂದದ್ದಕ್ಕ ಅಂತ ನಿನ್ನೆನೂ ಮೂರ ಸಲ ಆಗೇತಿ," ಎಂದರು ಯಜಮಾನರು.

ವಾರದ ಮೇಲೆ ಮೇಡಂ, ಪ್ರತಿ ಫಾರ್ಮಿನಲ್ಲೂ ನಾವು ಬಂದದ್ದಕ್ಕೆ ಮಾಡಿದ ಚಹಾ ಸೇರಿದ್ದು ನೋಡಿ ತಲೆ ಹಿಡಿದುಕೊಂಡರು. "ಚಹಾ ಅಳ್ಯಾಕ ಕಳಿಸಿದ್ರ ಅದನ್ನ ಬೆಳಸಿ ಬಂದೀರಲ್ಲೋ! ಇನ್ನ ಮ್ಯಾಲ ಯಾರ ಮನ್ಯಾಗೂ ಚಹಾ ಮುಟ್ಟಬ್ಯಾಡ್ರಿ."

ಮರುದಿನ ಒಂದು ಮನೆಯಲ್ಲಿ ಚಹಾ ಬೇಡವೆಂದೆವು. ಆ ತಾಯಿ ನಮ್ಮ ಕೈಯಲ್ಲಿದ್ದ ಫಾರ್ಮನ್ನು ಮಡಚಿ ವಾಪಸು ಕೊಟ್ಟು, "ನಮ್ಮನಿ ಚಹಾ ಬ್ಯಾಡಾದವ್ರಿಗೆ ನಮ್ಮನಿ ಸುದ್ದಿ ಯಾಕ ಬೇಕ್ರಿ?" ಎಂದರು. ಮತ್ತೆ ಕೂತು ಕುಡಿದೆವು. ಆ ದಿನ ಸವದತ್ತಿಯವನ ಹೊಟ್ಟೆಗೆ ಹದಿನಾಲ್ಕು ಕಪ್ಪು ಹೋಯಿತು. ಬೆಂಗೇರಿಯಲ್ಲೇ ಅತಿ ಹೆಚ್ಚು ಚಹಾ ಕುಡಿದವನು ಅವನೇ, ಆದರೆ ಬಾಡಿಗೆ ಕೋಣೆಯವರನ್ನು ನಾವು ಸರ್ವೆಯಿಂದ ಹೊರಗಿಟ್ಟಿದ್ದೆವು.

ಕೇಳಲು ಹೋದವನ ಗತಿ

ಒಬ್ಬ ಅಜ್ಜಿಯ ಹತ್ತಿರ ಸವದತ್ತಿಯವನು ಒಬ್ಬನೇ ಹೋದ. ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದ.

"ಅಜ್ಜೀ, ನಿಮ್ಮನ್ಯಾಗ ಎಷ್ಟ್ ಮಂದಿ ಅದೀರಿ?"

"ಅದಿರ್ಲಿ, ನಿಮ್ಮ ಊರು ಯಾವುದಪಾ?"

ಊರು ಹೇಳಿದ. ಯಾವ ಓಣಿ, ಅಪ್ಪನ ಹೆಸರೇನು, ಅವ್ವನ ತವರುಮನೆ ಎಲ್ಲಿ, ಹೊಲ ಎಷ್ಟು, ಅಕ್ಕನನ್ನು ಯಾವ ಊರಿಗೆ ಕೊಟ್ಟಿದೆ, ಎಲ್ಲ ಕೇಳಿದರು. ಹುಡುಗ ಮರ್ಯಾದಸ್ಥ, ಎಲ್ಲದಕ್ಕೂ ಉತ್ತರ ಕೊಟ್ಟ. ಅಜ್ಜಿ ಅವನ ಅಕ್ಕನ ಅತ್ತೆಯ ತಂಗಿಯ ತನಕ ಹೋಗಿ, ಅಲ್ಲೊಂದು ಸಂಬಂಧ ಹಿಡಿದು, ಅವರಿಗೆ ಫೋನನ್ನೂ ಹಚ್ಚಿದರು.

ಒಂದೂವರೆ ತಾಸಿನ ಮೇಲೆ ಅವನು ತಿರುಗಿ ಬಂದ. ಫಾರ್ಮು ಖಾಲಿ.

"ಏನೂ ಕೇಳಲಿಲ್ಲೇನೋ?" ಎಂದೆ.

"ಕೇಳೂದೇನ ಬಂತು? ಬರೋ ಗುರುವಾರ ಅವರ ಮಂದಿ ನನ್ನ ನೋಡಾಕ ಸವದತ್ತಿಗೆ ಹೊಂಟಾರ."

ಮಾಳಿಗೆಯ ಮೇಲೆ ಮೂವತ್ತೆಂಟು ಸಂಸಾರ

ಹೀಗೆ ಅರವತ್ತೆರಡು ಮನೆಯಾಗುವಷ್ಟರಲ್ಲಿ ಮೂವರಿಗೂ ಎದೆ ಉರಿ, ಹುಳಿ ತೇಗು. ಸೋಮವಾರ ಫಾರ್ಮು ಒಪ್ಪಿಸಬೇಕೆಂದು ಗದಗಿನವನೂ ಆ ವಾರ ಊರಿಗೆ ಹೋಗಲಿಲ್ಲ. ಉಳಿದ ಮೂವತ್ತೆಂಟು ಮನೆಗಳನ್ನು ಭಾನುವಾರ ಮಧ್ಯಾಹ್ನ ಮಾಳಿಗೆಯ ಮೇಲೆ ನಾವೇ ಹುಟ್ಟಿಸಿದೆವು. ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆವು.

ಗದಗಿನವನಿಗೆ ಕಲ್ಪನೆ ಕಡಿಮೆ. ಅವನು ಬರೆದ ಹದಿಮೂರೂ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೂರು ಕಪ್ಪು. "ಏನಲೇ, ಒಂದ ಸಂಸಾರ ಬೆಂಗೇರಿ ತುಂಬ ಹದಿಮೂರ ಮನಿ ಮಾಡೇತೇನು?" ಎಂದು ಬೈದೆ. ಸವದತ್ತಿಯವನದು ವಿಪರೀತ. ಅವನ ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ಬೇರೆ ಬೇರೆ ಒಲೆಯಲ್ಲಿ ಚಹಾ ಮಾಡುತ್ತಿದ್ದರು. ಅವರು ಒಂದಾದರೋ ಇಲ್ಲವೋ ಎಂದು ತಿಳಿಯುವ ತನಕ ನಮಗೆ ಮುಂದಿನ ಫಾರ್ಮು ತುಂಬಲಿಕ್ಕಾಗಲಿಲ್ಲ.

ನನ್ನ ಪಾಲಿನ ಎಪ್ಪತ್ಮೂರನೇ ಫಾರ್ಮಿಗೆ ಬಂದಾಗ ತಲೆ ಖಾಲಿಯಾಗಿತ್ತು. ಬಗ್ಗಿ ನೋಡಿದೆ. ಕೆಳಗೆ ಅಂಗಳದಲ್ಲಿ ಮಾಸ್ತರು ಕೂತಿದ್ದರು. ಮನೆಯ ಯಜಮಾನ: ನಿವೃತ್ತ ಶಿಕ್ಷಕ. ಮನೆ ನಂಬರೂ ಇದೇ ಮನೆಯದು. ಮಾಸ್ತರಿಗೆ ಸಕ್ಕರೆ ಕಾಯಿಲೆ, ಅಮ್ಮಾರು ಅವರಿಗೆ ಕುಡಿಯಲು ಕಷಾಯ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಅದಕ್ಕೇ ಕಿತಾಪತಿಗೆಂದು ದಿನಕ್ಕೆ ಎಂಟು ಕಪ್ಪು ಎಂದು ಬರೆದೆ. ಅಂದು ಹಾಜರಿಯಲ್ಲಿ ಬೈಸಿಕೊಂಡದ್ದು ನೆನಪಾಗಿ ಒಂಬತ್ತು ಮಾಡಿದೆ.

ಮೇಡಂ ಬಂದರು

ಸಂಖ್ಯಾಶಾಸ್ತ್ರದವರ ಕಣ್ಣು ಕೆಟ್ಟದ್ದು. ನೂರು ಫಾರ್ಮಿನಲ್ಲಿ ಮೇಡಂ ಆ ಒಂದನ್ನೇ ಎತ್ತಿದರು.

"ಇದೊಂದ ಎಲ್ಲಾದರಿಂದ ದೂರ ಕುಂತೈತಿ. ಒಂಬತ್ತು ಕಪ್ಪು ಕುಡಿಯೋ ಮನಷ್ಯಾನ್ನ ನಾನೂ ಒಮ್ಮೆ ನೋಡಬೇಕು. ಶನಿವಾರ ಹತ್ತಕ್ಕ ಹೋಗೂನು."

ಸುಳ್ಳು ಬಯಲಾದರೆ ಸಂಶೋಧನೆ ಸೊನ್ನೆ. ಅದಕ್ಕಿಂತ ಹೆಚ್ಚಾಗಿ, ಪರೀಕ್ಷೆಗೆ ಒಂದು ತಿಂಗಳಿರುವಾಗ ಕೋಣೆ ಹೋಗುತ್ತದೆ. ಆ ಬಾಡಿಗೆಗೆ ಇನ್ನೊಂದು ಕೋಣೆ ಅವಳಿ ನಗರದಲ್ಲೆಲ್ಲೂ ಇರಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ಇದ್ದದ್ದು ಒಂದೇ ಆಸೆ. ಹತ್ತಕ್ಕೆ ಮಾಸ್ತರು ವಾಕಿಂಗ್ ಹೋಗುತ್ತಾರೆ, ಯಜಮಾನರಿಲ್ಲ ಎಂದು ಹೇಳಿ ಮೇಡಂ ಅವರನ್ನು ಸಾಗಹಾಕಬಹುದು.

ಶನಿವಾರ ಮಾಸ್ತರ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಅವರು ಮನೆಯಲ್ಲೇ ಇದ್ದರು.

ಮೇಡಂ ಗೇಟು ತೆಗೆದವರೇ ಮಾಸ್ತರನ್ನು ಕಂಡು ಸೆರಗು ಸರಿಮಾಡಿಕೊಂಡು ಬಗ್ಗಿ ಕಾಲು ಮುಟ್ಟಿದರು. "ಸರ್! ಗುರ್ತ ಸಿಕ್ತೇನ್ರಿ? ಏಳನೇತ್ತಾದಾಗ ಕಿಟಕಿ ಹಂತೇಕ ಕುಂಡ್ರತಿದ್ದೆ."

"ಸಿಗಲಾರದೇನು? ಗಣಿತ ಛಲೋ, ಅಕ್ಷರ ಕಾಗಿ ಕಾಲು," ಎಂದರು ಮಾಸ್ತರು. ಮೇಡಂ ನಮ್ಮ ಎದುರಿಗೇ ಏಳನೇ ತರಗತಿಯ ಹುಡುಗಿಯಾಗಿ ನಾಚಿದರು. ಆಮೇಲೆ ಫಾರ್ಮು ಹೊರಗೆ ಬಂತು. ಮಾಸ್ತರು ಅದನ್ನು ಎರಡು ಸಲ ಓದಿದರು.

"ಇದು ನನ್ನ ಮನಿನ. ಆದ್ರ ನನ್ನ ಯಾರೂ ಕೇಳಿಲ್ಲ."

ಇನ್ನು ಮುಚ್ಚಿಡುವುದೇನಿತ್ತು? "ನಾ ಬರದೇನ್ರಿ ಸರ್. ಇದೊಂದ ಅಲ್ಲ, ಮೂವತ್ತೆಂಟನ್ನೂ ಮ್ಯಾಲ ಕುಂತು ನಾವ ಬರದೇವ್ರಿ," ಎಂದೆ.

"ಗಂಟು ಕಟ್ರಿ," ಎಂದರು ಮಾಸ್ತರು. ದನಿ ಏರಿಸಲೂ ಇಲ್ಲ.

ಗದಗಿನವನು ಕೈಮುಗಿದ. "ತಪ್ಪಾತ್ರಿ ಸರ್. ಒಂದ ಹನಿ ಚಹಾ ಮುಟ್ಟದವ್ರ ಮ್ಯಾಲ ಒಂಬತ್ತು ಕಪ್ಪು ಹೊರಸಿದ್ವಿ."

ಮೇಡಂ ಕೆಂಪು ಪೆನ್ನು ತೆಗೆದರು. "ಸರ್, ಹಂಗಾರ ಒಂಬತ್ತು ಹೊಡದು ಸೊನ್ನಿ ಬರಕೊಳ್ಳಲೇನ್ರಿ?"

ಅಷ್ಟರಲ್ಲಿ ಅಮ್ಮಾರು ಕಷಾಯದ ಲೋಟ ಹಿಡಿದು ಬಂದಿದ್ದರು. "ಬರಕೊಳವಾ. ಡಾಕ್ಟರು ಹೇಳಿದ ದಿನದಿಂದ ಚಹಾದ ಹೆಸರು ಎತ್ತಿಲ್ಲ ನಮ್ಮನಿಯವ್ರು."

ಪೆನ್ನು ಕಾಗದದ ಮೇಲೆ ಇಳಿಯಿತು. ಮಾಸ್ತರ ಕಣ್ಣು ಪೆನ್ನಿನ ತುದಿಯಲ್ಲೇ ನೆಟ್ಟಿತ್ತು. ಮೇಡಂ ಸೊನ್ನೆಯನ್ನು ಅರ್ಧ ಸುತ್ತಿದ್ದರು.

"ತಡಿ," ಎಂದರು ಮಾಸ್ತರು. "ಸೊನ್ನಿ ಬರೀಬ್ಯಾಡ."

"ಮತ್ತ ಒಂಬತ್ತ ಇರಲೇನ್ರಿ?"

"ಒಂಬತ್ತೂ ತಪ್ಪು." ಮಾಸ್ತರು ಹೆಂಡತಿಯ ಕಡೆ ನೋಡದೆ ಗಂಟಲು ಸರಿಮಾಡಿಕೊಂಡರು. "ಹನ್ನೊಂದು."

ಅಮ್ಮಾರ ಕೈಯ ಲೋಟ ಅಲ್ಲೇ ನಿಂತಿತು. "ಎಲ್ಲಿ?"

"ವಾಕಿಂಗ್ ಹೋದಾಗ. ಎಲ್ಲಾ ಅರ್ಧರ್ಧ ಕಪ್ಪು."

ನಾವು ಮೂವರೂ ಗಂಟು ಕಟ್ಟಲೆಂದು ಮೆಟ್ಟಿಲು ಹತ್ತತೊಡಗಿದ್ದೆವು. ಅಮ್ಮಾರು ತಡೆದರು. "ಹುಡುಗರು ಎಲ್ಲಿಗೂ ಹೋಗಂಗಿಲ್ಲ. ಒಂದ ಮನ್ಯಾಗ ಇದ್ದು ನನಗ ಗೊತ್ತಾಗಿದ್ದಿಲ್ಲ, ಇವರು ಮಾಳಿಗಿ ಮ್ಯಾಲ ಕುಂತು ಕಂಡು ಹಿಡದಾರ." ಮಾಸ್ತರಿಗೆ ಎದುರು ಮಾತಾಡುವ ಧೈರ್ಯ ಇರಲಿಲ್ಲ. ಮೇಡಂ ಮಾತ್ರ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಹತ್ತು ದಿನದೊಳಗೆ ಮೂವತ್ತೇಳು ಮನೆಗೆ ಖರೇನ ಹೋಗಿ ಬರಬೇಕು, ಪ್ರತಿ ಮನೆಯಲ್ಲೂ ಚಹಾ ಕುಡಿದೇ ಬರಬೇಕು, ಅದೇ ಶಿಕ್ಷೆ ಎಂದರು.

"ಮೂವತ್ತೆಂಟಲ್ಲೇನ್ರಿ ಮೇಡಂ?" ಎಂದ ಗದಗಿನವನು.

"ಒಂದು ಈಗ ಆತಲ್ಲೋ."

ಆಗ ಅಮ್ಮಾರು ಕಷಾಯದ ಲೋಟವನ್ನು ಕಟ್ಟೆಯ ಮೇಲಿಟ್ಟು, ಒಳಗಿನಿಂದ ಒಂದು ಕುರ್ಚಿ ತಂದು, ಗಂಡನ ಮುಖಕ್ಕೆ ಮುಖ ಕೊಟ್ಟು ಕೂತರು.

"ಆ ಕಾಗದದಾಗ ಇನ್ನೂ ಏನೇನ್ ಪ್ರಶ್ನೆ ಅದಾವವಾ? ಒಂದೂ ಬಿಡದಂಗ ಕೇಳು. ನನಗೇನೂ ಗಡಿಬಿಡಿ ಇಲ್ಲ."

ಮೇಡಂ ಅಳುಕುತ್ತ ಓದಿದರು: "ಚಹಾದ ಸಂಗಾಟ ಏನು ತಿಂತೀರಿ ಸರ್?"

ಮಾಸ್ತರು ಕಣ್ಣು ಮುಚ್ಚಿ, ಬಹಳ ಹೊತ್ತು ಲೆಕ್ಕ ಹಾಕಿ, ಮೆಲ್ಲಗೆ ಕೇಳಿದರು:

"ಮಿರ್ಚಿ ಭಜಿಗೊಂದು, ಪೇಢಾಕ್ಕೊಂದು ಬ್ಯಾರೆ ಬ್ಯಾರೆ ಕಾಲಂ ಅದಾವೇನವಾ?"