ನಾಲ್ಕು ಎಕರೆ ಒಗ್ಗರಣೆ

ಸಾಸಿವೆ ಗಾಜಿನ ಸೀಸೆಯೊಳಗೆ ಇಳಿಯುವ ಸದ್ದನ್ನು ನೀವು ಕೇಳಿದ್ದೀರಾ? ಸುರ್ರೆಂದು ಶುರುವಾಗಿ, ಸಣ್ಣಗಾಗಿ, ಕೊನೆಗೆ ಒಂದೊಂದೇ ಕಾಳು ಟಿಕ್, ಟಿಕ್... ಎಪ್ಪತ್ತರ ದಶಕದ ರಾಯಚೂರು ಎಂದರೆ ಬೇರೆಯವರಿಗೆ ಬಿಸಿಲು ನೆನಪಾಗಬಹುದು. ನನಗೆ ಈ ಸದ್ದು. ಏಕೆಂದರೆ ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಅಡುಗೆಮನೆಯ ಸಾಸಿವೆಯಿಂದ ಜಿಲ್ಲೆಯ ಹೊಲಗಳನ್ನು ಅಳೆಯುತ್ತಿದ್ದಳು. ನಗಬೇಡಿ. ಐ ಆಮ್ ಪರ್ಫೆಕ್ಟ್ಲಿ ಸೀರಿಯಸ್!

ಚಿಗವ್ವ ಕಾಲುವೆ ಆಫೀಸಿನಲ್ಲಿ ಟ್ರೇಸರ್. ಡ್ರಾಫ್ಟ್ಸ್‌ಮನ್ ಎಂಬ ಗಂಡಸು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಅದನ್ನೇ ಇಂಕಿನಲ್ಲಿ ತಿದ್ದುವ ಹೆಂಗಸಿಗೆ ಆಗ ಹಾಗೆ ಹೆಸರು. ನಕ್ಷೆಯ ಬಲ ಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ‘ಡ್ರಾನ್ ಬೈ’ ಎಂದಿರುವಲ್ಲಿ ಅವನ ಸಹಿ, ಅದರ ಕೆಳಗೆ ‘ಟ್ರೇಸ್ಡ್ ಬೈ’ ಎಂದಿರುವಲ್ಲಿ ಇವಳ ಸಹಿ. ಹತ್ತು ವರ್ಷ ಕೆಳಗಿನ ಸಾಲಿನಲ್ಲೇ ಸಹಿ ಹಾಕಿದವಳಿಗೆ ಜೀವನದಲ್ಲಿ ಇದ್ದ ಆಸೆ ಒಂದೇ, ಮೇಲಿನ ಸಾಲಿಗೆ ಏರುವುದು.

“ಬಂಗಾರ ಬ್ಯಾಡ, ಗಂಡ ಬ್ಯಾಡ,” ಅನ್ನುತ್ತಿದ್ದಳು. “ಅರ್ಧ ಇಂಚ್ ಮ್ಯಾಲ ಜಾಗಾ ಕೊಟ್ರ ಸಾಕು.”

ನಾನಾದರೋ ಕಾನ್ವೆಂಟಿನಲ್ಲಿ ಓದಿ, ನೀರು ಕೊಟ್ಟ ಹ್ಯಾಂಡ್ ಪಂಪಿಗೂ ‘ಥ್ಯಾಂಕ್ಯೂ’ ಹೇಳುವ ಹುಡುಗಿಯಾಗಿ, ರಾಯಚೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿ, ಚಿಗವ್ವನ ಮನೆಗೆ ಇರಲು ಬಂದವಳು. ಬಂದ ವಾರದಲ್ಲೇ ಗೊತ್ತಾಯಿತು, ಆ ಮನೆಯಲ್ಲಿ ಯಾವ ವಸ್ತುವೂ ತಾನು ಹುಟ್ಟಿದ ಕೆಲಸವನ್ನು ಮಾಡುವುದಿಲ್ಲ ಎಂದು! ಆಫೀಸಿನವರು ಎಸೆದ ಟ್ರೇಸಿಂಗ್ ಬಟ್ಟೆಯನ್ನು ಚಿಗವ್ವ ಕುದಿಸಿ, ಗಂಜಿ ತೆಗೆದು, ಮಲ್ಲಿನಂಥ ಮೆತ್ತನೆಯ ಬಟ್ಟೆ ಮಾಡಿ, ನನಗೆ ಪೆಟಿಕೋಟ್ ಹೊಲಿದಳು. ಇಂಕು ಮಾತ್ರ ಪೂರ್ತಿ ಹೋಗಿರಲಿಲ್ಲ. ಮಾನ್ವಿ ಕಡೆಯ ಕಾಲುವೆಯೊಂದು ಎರಡು ತೂಬುಗಳ ಸಮೇತ ನನ್ನ ಸೊಂಟವನ್ನು ಸುತ್ತಿ ಹರಿಯುತ್ತಿತ್ತು. ಅದನ್ನು ಒಗೆದು ಹಗ್ಗಕ್ಕೆ ಹಾಕಿದರೆ ಪಕ್ಕದ ಮನೆಯಾಕೆ ಹತ್ತಿರ ಬಂದು ನೋಡುವಳು: “ನಮ್ಮ ತವರೂರಿಗೆ ನೀರು ಬರ್ತದೇನ್ರೀ ಇದರಾಗ?”

ಇನ್ನು ಹಣಿಗೆಯ ಕಥೆ. ನಕ್ಷೆಯಲ್ಲಿ ಒಂದು ಜಾಗವನ್ನು ತುಂಬಬೇಕಾದರೆ ಒಂದೇ ಅಂತರದ ಓರೆ ಗೆರೆಗಳನ್ನು ಎಳೆಯಬೇಕು. ನೂರು ಗೆರೆಗಳಲ್ಲಿ ಒಂದು ಹೆಚ್ಚು ಕಡಿಮೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಚಿಗವ್ವ ನನ್ನ ಹಣಿಗೆಯನ್ನು ಬೋರ್ಡಿನ ಅಂಚಿಗೆ ಕಟ್ಟಿ, ಸ್ಕೇಲಿಗೊಂದು ಸೂಜಿ ಸಿಕ್ಕಿಸಿ, ಸೂಜಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುತ್ತಾ ಗೆರೆ ಎಳೆದಳು. ಬ್ಯೂಟಿಫುಲ್! ದೊಡ್ಡ ಹಲ್ಲಿನ ಕಡೆ ಮಣ್ಣಿಗೆ, ಸಣ್ಣ ಹಲ್ಲಿನ ಕಡೆ ಕಲ್ಲಿಗೆ, ಹೇನಿನ ಹಣಿಗೆ ಇಟ್ಟಿಗೆ ಕಟ್ಟಡಕ್ಕೆ. ತಲೆ ಬಾಚಲು ಮಾತ್ರ ಮನೆಯಲ್ಲಿ ಏನೂ ಉಳಿಯಲಿಲ್ಲ. ನಾನು ಬೆರಳಲ್ಲಿ ಬಾಚಿಕೊಂಡು ಶಾಲೆಗೆ ಹೋದರೆ ಹೆಡ್‌ಮಿಸ್ಟ್ರೆಸ್ “ಆರ್ ಯೂ ಅನ್‌ವೆಲ್?” ಎಂದು ಕೇಳಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಆಫೀಸಿನ ಚಾರ್ಟಿನಲ್ಲಿ ಮಣ್ಣಿಗೆ ಒಂದೇ ಗುರುತು. “ಎರಿ ಹೊಲಕ್ಕೂ ಮಸಾರಿ ಹೊಲಕ್ಕೂ ಒಂದೇನು?” ಎಂದು ಕಪ್ಪು ಎರೆಗೆ ಬಿರುಕು ಬಿಟ್ಟಂಥ ಗೆರೆ, ಕೆಂಪು ಮಸಾರಿಗೆ ಚುಕ್ಕಿ ಎಂದು ತಾನೇ ಕಾನೂನು ಮಾಡಿದಳು. ಹೆಡ್ ಡ್ರಾಫ್ಟ್ಸ್‌ಮನ್ ಸಾಹೇಬರು, ಬಿಳಿ ಗಡ್ಡದ ಹಿರಿಯರು, ನಕ್ಷೆ ಎತ್ತಿ ಬೆಳಕಿಗೆ ಹಿಡಿದರಂತೆ.

“ಯೇ ಕ್ಯಾ ಜೀ ಬಾಯೀ? ನಕ್ಷಾ ಅದನೋ, ಇಳಕಲ್ ಸೀರಿ ಅದನೋ?”

“ಸೀರಿ ಆಗಿದ್ರ ನೀವು ಇಷ್ಟೊತ್ತು ನೋಡ್ತಿದ್ದಿಲ್ಲ ಬಿಡ್ರಿ, ಸಾಹೇಬ್ರ.”

ಈ ಸಾಹೇಬರ ಅಲ್ಮೇರಾದಲ್ಲಿ ಪ್ಲಾನಿಮೀಟರ್ ಎಂಬ ಯಂತ್ರವಿತ್ತು. ಹೊಲದ ಗಡಿಯ ಸುತ್ತ ಅದರ ಮುಳ್ಳನ್ನು ಓಡಿಸಿದರೆ ವಿಸ್ತೀರ್ಣ ಹೇಳುತ್ತದೆ. ಮಖಮಲ್ಲಿನ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಸಾಹೇಬರ ಜೇಬಿನಲ್ಲಿ. ಕೇಳಿದರೆ, “ನಾಜೂಕ್ ಚೀಜ್ ಅದ ಬಾಯೀ, ಟ್ರೇಸರ್‌ಗೆ ಕೊಡಾಂಗಿಲ್ಲ.”

ಕೊಡದಿದ್ದರೆ ಬಿಡುವವಳೇ? ಅಲ್ಲಿಂದ ಶುರು ನೋಡಿ, ಸಾಸಿವೆ! ನಕ್ಷೆಯ ಗಡಿಯ ಮೇಲೆ ಗಂಜಿ ಹಾಕಿದ ದಾರ ಅಂಟಿಸುವುದು, ಒಳಗೆ ಸಾಸಿವೆ ಸುರಿಯುವುದು, ಒಂದರ ಮೇಲೊಂದು ಕಾಳು ಏರದಂತೆ ಹರಡುವುದು, ಆಮೇಲೆ ಅಷ್ಟನ್ನೂ ಹೋಮಿಯೋಪತಿ ಗುಳಿಗೆಯ ಉದ್ದ ಸೀಸೆಗೆ ತುಂಬಿ ಎಷ್ಟು ಗೀಟಿನವರೆಗೆ ಬಂತೆಂದು ನೋಡುವುದು. ಒಂದು ಗೀಟೆಂದರೆ ಇಷ್ಟು ಗುಂಟೆ. ಒಂದು ಬೆಳಿಗ್ಗೆ ನಾನು ಕಟ್ಟೆಯ ಮೇಲಿದ್ದ ಬಟ್ಟಲಿನ ಸಾಸಿವೆಯನ್ನು ಎಣ್ಣೆಗೆ ಹಾಕಿದೆ. ಚಟಪಟ ಕೇಳಿದ್ದೇ ಚಿಗವ್ವ ಒದ್ದೆ ತಲೆಯಲ್ಲೇ ಬಚ್ಚಲಿನಿಂದ ಓಡಿ ಬಂದಳು.

“ಏನ್ ಹಾಕಿದೆ ಬೇ?”

“ಒಗ್ಗರಣಿ.”

“ಅದು ಕವಿತಾಳದ ನಾಲ್ಕ ಎಕರೆ! ಇನ್ನೊಮ್ಮೆ ಅಳೀಬೇಕಂತ ತೆಗದಿಟ್ಟಿದ್ದೆ!”

ಇಬ್ಬರೂ ಕೂತು ಆ ನಾಲ್ಕು ಎಕರೆಯನ್ನು ಅನ್ನಕ್ಕೆ ಕಲಸಿಕೊಂಡು ಉಂಡೆವು. ಜಮೀನ್ದಾರರಿಗೂ ಸಂಜೆಗೆ ಮತ್ತೆ ಹಸಿವಾಗುತ್ತದೆ ಎಂದು ಅವತ್ತು ತಿಳಿಯಿತು.

ಆ ವರ್ಷವೇ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಹುದ್ದೆಯೊಂದು ಖಾಲಿಯಾಯಿತು. ಚಿಗವ್ವ ಅರ್ಜಿ ಹಿಡಿದು ಎಂಜಿನಿಯರ್ ಮುಂದೆ ನಿಂತಳು. ಅವರು ಮೈಸೂರು ಕಡೆಯವರು, ಮೆದು ಮಾತು.

“ನೋಡೀಮ್ಮ, ಫೀಲ್ಡಿಗೆ ಹೋಗಿ ಅಳತೆ ಮಾಡಬೇಕಾಗುತ್ತೆ. ನಿಮ್ಮಿಂದ ಆಗುತ್ತಾ?”

“ನಿಮಗ ಯಾವುದು ಬಗೀಹರಿದಿಲ್ಲೋ ಅದನ್ನ ಕೊಡ್ರಿ, ಸರ್.”

ಕೊಟ್ಟರು. ಗಬ್ಬೂರಿನ ಹತ್ತಿರ, ಕಾಲುವೆ ಬರಲಿರುವ ದಾರಿಯಲ್ಲಿ, ಅಕ್ಕಪಕ್ಕದ ಎರಡು ಹೊಲ. ಒಂದು ಅಮರಪ್ಪನದು, ಇನ್ನೊಂದು ಮೌಲಾಸಾಬನದು. ಇಬ್ಬರು ಸರ್ವೇಯರುಗಳು ಅಳೆದು ಎರಡು ನಕ್ಷೆ ತಂದಿದ್ದರು. ಒಂದರ ಪ್ರಕಾರ ಅಮರಪ್ಪನ ಹೊಲ ದೊಡ್ಡದು, ಇನ್ನೊಂದರ ಪ್ರಕಾರ ಮೌಲಾಸಾಬನದು. ಇದನ್ನು ಬಿಡಿಸಿದರೆ ಹುದ್ದೆಗೆ ಶಿಫಾರಸು, ಬಿಡಿಸದಿದ್ದರೆ ಇನ್ನು ಮುಂದೆ ಆ ಮಾತೇ ಎತ್ತಬಾರದು.

ಭಾನುವಾರ ಎರಡೂ ನಕ್ಷೆಗಳಿಗೆ ದಾರ ಅಂಟಿತು, ಸಾಸಿವೆ ಬಿತ್ತು. ನಾನು ಸುರಿಯುತ್ತಲೇ ಇದ್ದೇನೆ, ಅಮರಪ್ಪನ ಹೊಲ ತುಂಬುತ್ತಲೇ ಇಲ್ಲ! ನೋಡಿದರೆ ಒಂದು ಮೂಲೆಯಿಂದ ಕಾಳು ಸಾಲಾಗಿ ಮೌಲಾಸಾಬನ ಹೊಲಕ್ಕೆ ಉರುಳಿ ಹೋಗುತ್ತಿವೆ.

“ನೀ ದಾರ ಸರಿಯಾಗಿ ಹಚ್ಚಿಲ್ಲ ಚಿಗವ್ವ.”

“ದಾರ ಗೆರಿ ಮ್ಯಾಲೇ ಅದ. ಅಲ್ಲಿ ಗೆರೀನ ಇಲ್ಲ!”

ಎರಡನೆಯ ನಕ್ಷೆಯಲ್ಲೂ ಅದೇ ಮೂಲೆ, ಅದೇ ತೆರೆದ ಬಾಯಿ. ಲೆಕ್ಕ ಹಾಕಿದ ಮಹಾಶಯರ ಕಣ್ಣು ಅದನ್ನು ಒಂದರಲ್ಲಿ ಆಚೆ, ಇನ್ನೊಂದರಲ್ಲಿ ಈಚೆ ಗೆರೆ ಇದ್ದಂತೆ ಮುಚ್ಚಿಕೊಂಡಿತ್ತು. ಕಣ್ಣಿಗೆ ಅಷ್ಟು ದಾಕ್ಷಿಣ್ಯ ಇರುತ್ತದೆ. ಸಾಸಿವೆಗೆ ಎಲ್ಲಿಯದು?

ಮಾರನೆಯ ದಿನ ರಜೆ ಹಾಕಿ ಇಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು. ಸಂತೆ ಚೀಲದಲ್ಲಿ ಅಳತೆಯ ಸರಪಳಿ ಝಣಝಣ.

“ಎತ್ತಿಂದೇನ್ರೀ ಬಾಯಾರ, ಸರಪಳಿ?” ಕಂಡಕ್ಟರ್ ಕೇಳಿದ.

“ಅಲ್ಲಪಾ, ಎಂಜಿನಿಯರಂದು.”

ಗಬ್ಬೂರಿನಲ್ಲಿ ಇಳಿದು ನಡೆದು, ಆ ಮೂಲೆಗೆ ಹೋಗಿ ನೋಡಿದರೆ ಅಲ್ಲಿ ಬದುವೇ ಇಲ್ಲ. ಸಾರಿಸಿ ನುಣುಪು ಮಾಡಿದ ದೊಡ್ಡ ಕಣ. ಅಮರಪ್ಪ, ಮೌಲಾಸಾಬ ಇಬ್ಬರು ಮುದುಕರೂ ಬೇವಿನ ನೆರಳಲ್ಲಿ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುತ್ತಿದ್ದರು.

“ಯಪ್ಪಾ, ಈ ಕಣ ಯಾರದು?” ಚಿಗವ್ವ ಕೇಳಿದಳು.

“ಯಾರ ಜ್ವಾಳ ಮೊದಲ ಒಣಗ್ತದ, ಅವರದು,” ಅಂದ ಅಮರಪ್ಪ.

“ನಡುವ ಬದು ಯಾಕ ಹಾಕಿಲ್ಲ?”

“ಕಣದಾಗ ಬದು ಹಾಕಿದ್ರ ಎತ್ತು ಎಡವಿ ಬೀಳ್ತಾವಲ್ಲ, ಯವ್ವಾ!” ಮೌಲಾಸಾಬ ನಕ್ಕ.

“ಮತ್ತ ಸರ್ವೇದವರು ಕೇಳಿದಾಗ ಏನ್ ಹೇಳಿದ್ರಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲನೆಯ ಸರ್ವೇಯರ್ ಬಂದಾಗ ಇದ್ದವನು ಅಮರಪ್ಪ. “ಮೌಲಾಂದು ಅಂತ ಬರ್ಕೋರಿ” ಅಂದಿದ್ದ. ಎರಡನೆಯವನು ಬಂದಾಗ ಇದ್ದವನು ಮೌಲಾಸಾಬ. “ಅಮರಪ್ಪಂದು ಅಂತ ಬರ್ಕೋರಿ” ಅಂದಿದ್ದ!

ಚಿಗವ್ವ ಸೀರೆಯನ್ನು ಎತ್ತಿ ಸಿಕ್ಕಿಸಿ ಸರಪಳಿಯ ಮುಂದಿನ ತುದಿ ಹಿಡಿದಳು. ಹಿಂದಿನ ತುದಿ ನನಗೆ. ನನ್ನ ಹೈ ಹೀಲ್ಸ್ ಎರೆ ಮಣ್ಣಿನಲ್ಲಿ ಹೂತು, ನಾನು ಬರಿಗಾಲಲ್ಲಿ ನಿಂತೆ. ಸಂಜೆಯವರೆಗೆ ಅಳೆದೆವು. ನಕ್ಷೆ ಬರೆಯಲು ಅವಳಿಗೆ ಮೂರು ದಿನ ಹಿಡಿಯಿತು. ಅಮರಪ್ಪನ ಹೊಲಕ್ಕೆ ಎಡಕ್ಕೆ ಓರೆ ಗೆರೆ, ಮೌಲಾಸಾಬನ ಹೊಲಕ್ಕೆ ಬಲಕ್ಕೆ ಓರೆ ಗೆರೆ, ಕಣದ ಮೇಲೆ ಎರಡೂ ಗೆರೆಗಳು ಒಂದರೊಳಗೊಂದು ನೇಯ್ದಂತೆ. ಅದರ ಮೇಲೂ ಸಾಸಿವೆ ಸುರಿದು ಗುಂಟೆಯ ಲೆಕ್ಕ ಬರೆದಳು.

“ಈ ಗುರುತು ಚಾರ್ಟಿನಲ್ಲಿ ಇಲ್ಲವಲ್ಲಮ್ಮ,” ಅಂದರು ಎಂಜಿನಿಯರ್.

“ಇನ್ನ ಮ್ಯಾಲ ಸೇರಿಸ್ಕೋರಿ, ಸರ್. ಗಬ್ಬೂರಾಗ ಅದ.”

ಹೆಡ್ ಸಾಹೇಬರು ಅಲ್ಮೇರಾ ತೆಗೆದು ಪ್ಲಾನಿಮೀಟರನ್ನು ಮೂರು ಸಲ ಓಡಿಸಿದರು. ಮೂರು ಸಲವೂ ಸಾಸಿವೆಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಒಂದು ಗುಂಟೆಯ ವ್ಯತ್ಯಾಸವೂ ಬರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮಖಮಲ್ಲಿನ ಪೆಟ್ಟಿಗೆಯನ್ನು ತಾವೇ ತಂದು ಚಿಗವ್ವನ ಮೇಜಿನ ಮೇಲಿಟ್ಟರಂತೆ.

“ಇರ್ಲಿ ಬಿಡ್ರಿ, ಸಾಹೇಬ್ರ,” ಅಂದಳಂತೆ ಇವಳು. “ನಾಜೂಕ್ ಚೀಜ್!”

ಆರ್ಡರ್ ಬಂತು. ಮೇಲಿನ ಸಾಲಿನಲ್ಲಿ ಮೊದಲ ಸಹಿ ಹಾಕಿದ ದಿನ ಅವಳು ಬೀದಿ ತುಂಬ ಪೇಡೆ ಹಂಚಿದಳು. ಆಮೇಲೆ ದೇವದುರ್ಗದ ಕ್ಯಾಂಪಿಗೆ ಹೋದಳು. ನಾನು ಮದುವೆಯಾಗಿ ಊರು ಬಿಟ್ಟೆ. ಮಸರಕಲ್ ಆಚೆಯ ಕಾಲುವೆಗಳ ನಕ್ಷೆಗಳೆಲ್ಲ ಅವಳವೇ ಎಂದು ಅವಳ ಕಾಗದಗಳಲ್ಲಿ ಓದುತ್ತಿದ್ದೆ. ದುಂಡನೆಯ, ಸೊಕ್ಕಿನ ಅಕ್ಷರ.

ಎಂಬತ್ತರ ದಶಕದ ನಡುವಿನಲ್ಲಿ ಒಮ್ಮೆ ಕಾಗದದ ಬದಲು ಟೆಲಿಗ್ರಾಂ ಬಂತು. ಚಿಗವ್ವನಿಗೆ ಲಕ್ವ ಹೊಡೆದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಅವಳ ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಸಾಮಾನಿನಂತೆ ಬಿದ್ದಿತ್ತು. ನಾನಿದ್ದಾಗಲೇ ಆಫೀಸಿನ ಗುಮಾಸ್ತರು ರಜೆಯ ಫಾರಂ ತಂದರು. ಜೊತೆಗೆ, ಪಾಪ, ಅವರೇ ವಿಚಾರ ಮಾಡಿ ಸ್ಟ್ಯಾಂಪ್ ಪ್ಯಾಡನ್ನೂ ತಂದಿದ್ದರು.

“ಹೆಬ್ಬಟ್ಟು ಒತ್ತಿದ್ರ ನಡೀತದ್ರೀ, ಬಾಯಾರ.”

ಚಿಗವ್ವ ಪ್ಯಾಡಿನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ನಾನು ಇಂಕ್ ಪೆನ್ನು ತೆಗೆದು ಅವಳ ಎಡಗೈಗೆ ಕೊಟ್ಟು, ಫಾರಂ ಜರುಗದಂತೆ ಹಿಡಿದೆ. ಒಂದು ಗೆರೆ ಎಳೆದು ನಿಲ್ಲಿಸಿದಳು. ಇನ್ನೊಂದು ಎಳೆದಳು. ಗುಮಾಸ್ತರು ಒಮ್ಮೆ ವಾಚ್ ನೋಡಿಕೊಂಡರು, ಆಮೇಲೆ ನೋಡಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ಕಾಗದದ ಮೇಲೆ ಅವಳ ಹೆಸರಿತ್ತು, ಪ್ರತಿ ಅಕ್ಷರವೂ ಒಂದೊಂದು ಕಡೆಗೆ ವಾಲಿಕೊಂಡು.

“ಓದಾಕ ಬರ್ತದೇನು?” ತಡವರಿಸಿ ಕೇಳಿದಳು.

“ಬರ್ತದ, ಚಿಗವ್ವ.”

ಗುಮಾಸ್ತರು ಫಾರಂ ಮಡಿಸಲು ಕೈ ಚಾಚಿದರು.

“ಮುಟ್ಟಬ್ಯಾಡ್ರಿ,” ಅಂದಳು. “ಒಣಗಲಿ.”

ನಾವು ಮೂವರೂ ಕೂತು ಅದು ಒಣಗುವುದನ್ನೇ ನೋಡುತ್ತಿದ್ದೆವು. ಚಿಗವ್ವನನ್ನು ನಾನು ಕಂಡದ್ದು ಅದೇ ಕೊನೆ.